ದಿನಾ ಫೋನ್ ಮಾಡುವ ‘ಸಲಹೆಗಾರ’: ಮನೆಯ ಹಿರಿಯರ ಹಣ ಉಳಿಸಿಕೊಳ್ಳುವುದು ಹೇಗೆ?

ಹೂಡಿಕೆ ಹೆಸರಿನ ಫೋನ್ ವಂಚನೆ ಬಗ್ಗೆ ಎಚ್ಚರಿಕೆಗಳಿಗೇನೂ ಬರವಿಲ್ಲ. ಗೊತ್ತಿಲ್ಲದವರ ಕರೆ ಬಂದರೆ ಇಟ್ಟುಬಿಡಿ, ಒಟಿಪಿ ಹೇಳಬೇಡಿ, ಜಾಸ್ತಿ ಲಾಭದ ಆಸೆಗೆ ಬೀಳಬೇಡಿ. ಬ್ಯಾಂಕಿನವರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಮಕ್ಕಳು ಹೇಳುತ್ತಾರೆ. ಹಿರಿಯರಿಗೂ ಇದೆಲ್ಲ ಬಾಯಿಪಾಠ. ಆದರೂ ಹಣ ಹೋಗುತ್ತಲೇ ಇದೆ. ಅಮೆರಿಕದ ಎಫ್‌ಬಿಐಗೆ 60 ದಾಟಿದವರು ಕೊಟ್ಟ ಇಂಟರ್‌ನೆಟ್ ಅಪರಾಧದ ದೂರುಗಳನ್ನೇ ನೋಡಿ. 2023ರಲ್ಲಿ ಅವರು ಕಳೆದುಕೊಂಡದ್ದು 340 ಕೋಟಿ ಡಾಲರ್‌ಗೂ ಹೆಚ್ಚು. 2024ರಲ್ಲಿ ಅದು 480 ಕೋಟಿ ಡಾಲರ್ ಮೀರಿತು. ಅದರಲ್ಲಿ ಅತಿ ದೊಡ್ಡ ಪಾಲು ಹೂಡಿಕೆ ವಂಚನೆಯದು. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ನಾಚಿಕೆಗೆ ಬಾಯಿ ಬಿಡದವರು ಇದರಲ್ಲಿ ಸೇರಿಲ್ಲ.

ಎಚ್ಚರಿಕೆಗಳು ಯಾಕೆ ಕೆಲಸ ಮಾಡುತ್ತಿಲ್ಲ? ಅವೆಲ್ಲ ಮೊದಲನೇ ಕರೆಗೆ ಹೇಳಿ ಮಾಡಿಸಿದಂಥವು. ದೊಡ್ಡ ಮೊತ್ತ ಹೋಗುವುದು ಇಪ್ಪತ್ತನೇ ಕರೆಯಲ್ಲೋ ಮೂವತ್ತನೇ ಕರೆಯಲ್ಲೋ. ಅಷ್ಟು ಹೊತ್ತಿಗೆ ಆ ಕಡೆಯವನು ಗೊತ್ತಿಲ್ಲದವನಾಗಿ ಉಳಿದಿರುವುದಿಲ್ಲ. ಮಂಡಿ ನೋವು ಹೇಗಿದೆ ಅಂತ ಕೇಳುವವನು, ಮೊಮ್ಮಗಳ ಪರೀಕ್ಷೆ ಯಾವಾಗ ಅಂತ ನೆನಪಿಟ್ಟುಕೊಂಡವನು ಆಗಿರುತ್ತಾನೆ. ‘ಅಪರಿಚಿತರನ್ನು ನಂಬಬೇಡಿ’ ಅಂದರೆ ಹಿರಿಯರ ತಲೆಯಲ್ಲಿ ಅವನ ಮುಖ ಬರುವುದೇ ಇಲ್ಲ. ಈ ವಂಚನೆಯಲ್ಲಿ ಮಾರಾಟಕ್ಕೆ ಇಟ್ಟಿರುವುದು ಷೇರು, ಚಿನ್ನ, ಕ್ರಿಪ್ಟೊ ಎಂಬ ಡಿಜಿಟಲ್ ಹಣ ಅಂತ ನಾವು ಅಂದುಕೊಂಡಿರುತ್ತೇವೆ. ನನ್ನ ಪ್ರಕಾರ ಅಲ್ಲಿ ನಿಜವಾಗಿ ಬಿಕರಿಯಾಗುವುದು ಆ ದಿನದ ಕರೆ. ಮನೆಯವರ ರಕ್ಷಣೆಯ ಲೆಕ್ಕಾಚಾರ ಶುರುವಾಗಬೇಕಾದ್ದು ಅಲ್ಲಿಂದ.

‘ನಮ್ಮಪ್ಪ ಅಂಥವರಲ್ಲ’

ಮೋಸ ಹೋಗುವವರು ಪೆದ್ದರು, ಒಂಟಿಯವರು, ದುಡ್ಡಿನ ವ್ಯವಹಾರ ಗೊತ್ತಿಲ್ಲದವರು ಎಂಬ ಚಿತ್ರ ನಮ್ಮೆಲ್ಲರಲ್ಲೂ ಇದೆ. ಹೂಡಿಕೆ ವಂಚನೆಯ ಮಟ್ಟಿಗೆ ಇದು ಸುಳ್ಳು. ಅಮೆರಿಕದಲ್ಲಿ ಷೇರು ದಲ್ಲಾಳಿ ಸಂಸ್ಥೆಗಳ ಮೇಲೆ ನಿಗಾ ಇಡುವ ಮಂಡಳಿಯ ಪ್ರತಿಷ್ಠಾನವೊಂದು 2006ರಲ್ಲಿ ಇದನ್ನು ಅಧ್ಯಯನ ಮಾಡಿಸಿತ್ತು. ಹಣಕಾಸಿನ ತಿಳಿವಳಿಕೆ ಅಳೆಯುವ ಪ್ರಶ್ನೆಗಳಿಗೆ ಮೋಸ ಹೋಗದವರಿಗಿಂತ ಮೋಸ ಹೋದವರೇ ಚೆನ್ನಾಗಿ ಉತ್ತರ ಕೊಟ್ಟಿದ್ದರು! ಅವರಲ್ಲಿ ಓದಿದವರು, ಒಳ್ಳೆಯ ಆದಾಯ ಇದ್ದವರು, ಗಂಡಸರು ಜಾಸ್ತಿ. ತಮ್ಮ ಹಣದ ನಿರ್ಧಾರ ತಾವೇ ಮಾಡಿ ರೂಢಿಯಿದ್ದವರು.

ಯೋಚಿಸಿದರೆ ಆಶ್ಚರ್ಯವಿಲ್ಲ. ಹೂಡಿಕೆ ಅಂದರೇನು ಅಂತಲೇ ಗೊತ್ತಿಲ್ಲದವರು ‘ನಂಗೆ ಅದೆಲ್ಲ ಬೇಡಪ್ಪಾ’ ಅಂತ ಫೋನ್ ಇಡುತ್ತಾರೆ. ಅರ್ಧ ಗಂಟೆ ಕೂತು ಮಾತಾಡುವವರು ಅದು ಗೊತ್ತಿದ್ದವರು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ತಡ, ತಾವೇ ಪರೀಕ್ಷೆ ಮಾಡಿ ಒಪ್ಪಿದೆವು ಅನ್ನಿಸುತ್ತದೆ. ಹಾಗೆ ಒಪ್ಪಿದ್ದನ್ನು ಆಮೇಲೆ ಬಿಡಿಸುವುದು ಕಷ್ಟ.

ಲಾಭದ ಆಮಿಷವೂ ಈಗ ಹಳೆಯ ಥರ ಇಲ್ಲ. 1920ರಲ್ಲಿ ಅಮೆರಿಕದ ಬೋಸ್ಟನ್‌ನ ವಂಚಕ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ 50 ಲಾಭ ಅಂದಿದ್ದ. ಇವತ್ತು ಯಾರಾದರೂ ಹಾಗಂದರೆ ನಿಮ್ಮ ಮನೆಯ ಹಿರಿಯರೇ ನಕ್ಕುಬಿಡುತ್ತಾರೆ. ಆದರೆ 2008ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದ ಅಮೆರಿಕದ ಹೂಡಿಕೆ ವಂಚಕ ಬರ್ನಿ ಮೇಡಾಫ್ ಯಾರಿಗೂ ಒಂದಕ್ಕೆ ಎರಡು ಕೊಡುತ್ತೇನೆ ಅನ್ನಲಿಲ್ಲ. ಮಾರುಕಟ್ಟೆ ಏರಲಿ ಇಳಿಯಲಿ, ವರ್ಷಕ್ಕೆ ಶೇ 10ರ ಆಸುಪಾಸಿನ ಲಾಭ ತೋರಿಸುತ್ತಿದ್ದ, ಅಷ್ಟೇ. ಜಾಣರು ನಂಬಿದ್ದು ಅದಕ್ಕೇ. ಫೋನಿನ ಖದೀಮರೂ ಎದುರಿಗಿರುವವರ ಸ್ವಭಾವ ನೋಡಿ ಲಾಭದ ಅಂಕಿ ಹೇಳುತ್ತಾರೆ. ಆಸೆಬುರುಕರಿಗೆ ಒಂದು, ಹುಷಾರಿನವರಿಗೆ ಇನ್ನೊಂದು. ಹಾಗಾಗಿ ‘ಲಾಭ ಜಾಸ್ತಿಯಾದರೆ ಅನುಮಾನಿಸಿ’ ಎಂಬ ಸೂತ್ರವನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ಕರೆಯ ಹಿಂದೆ ಒಂದು ಕಾರ್ಖಾನೆ

ಮೊದಲು ಕರೆ ಮಾಡುವವರ ಕೆಲಸ ಬರೀ ಜರಡಿ ಹಿಡಿಯುವುದು. ಯಾರು ಮಾತಾಡುತ್ತಾರೆ, ಯಾರ ಹತ್ತಿರ ಉಳಿತಾಯ ಇದೆ, ಮನೆಯಲ್ಲಿ ಯಾರಿದ್ದಾರೆ, ಯಾವ ಹೊತ್ತಿಗೆ ಒಬ್ಬರೇ ಇರುತ್ತಾರೆ. ಇಷ್ಟು ಗೊತ್ತಾದರೆ ಅವರ ಕೆಲಸ ಮುಗಿಯಿತು. ಆಮೇಲೆ ಕರೆ ಹೋಗುವುದು ಹಣ ಹಾಕಿಸುವವನ ಕೈಗೆ. ಅವನ ಹೆಸರು, ಹುದ್ದೆ, ಮಾತಿನ ಧಾಟಿ ಎಲ್ಲ ಮೊದಲೇ ಬರೆದಿಟ್ಟದ್ದು. ಒಮ್ಮೆ ಮಾತಿಗೆ ಸಿಕ್ಕವರ, ಅದರಲ್ಲೂ ಒಮ್ಮೆ ಹಣ ಕಳೆದುಕೊಂಡವರ ಪಟ್ಟಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಮಾರಾಟವಾಗುತ್ತದೆ. ‘ಬೇಡ ಅಂದರೂ ಯಾಕೆ ಬಿಡಲ್ಲ ಇವರು’ ಅಂತ ಹಿರಿಯರು ಗೊಣಗುತ್ತಾರಲ್ಲ, ಕಾರಣ ಇದು. ನೀವು ಬ್ಲಾಕ್ ಮಾಡಿದ್ದು ಒಂದು ನಂಬರನ್ನು. ಪಟ್ಟಿ ಇನ್ನೂ ಓಡಾಡುತ್ತಲೇ ಇರುತ್ತದೆ.

ಅವರ ಹಟಕ್ಕೆ ಇನ್ನೊಂದು ಕಾರಣವೂ ಇದೆ. ಅದು ಕರಾಳವಾದದ್ದು. ಇಂಥ ಹಲವು ಕೇಂದ್ರಗಳಲ್ಲಿ ಕೆಲಸ ಮಾಡುವವರು ಸ್ವಂತ ಇಚ್ಛೆಯಿಂದ ಅಲ್ಲಿಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತು. ಕೆಲಸದ ಆಸೆಗೆ ಹೋಗಿ ಸಿಕ್ಕಿಹಾಕಿಕೊಂಡವರು ಇವರು. ಹೇಳಿದಂತೆ ಮಾಡದಿದ್ದರೆ ಹೊಡೆತ. ಹಾಗಾಗಿ ಆ ಕಡೆಯವರು ಬೇಸತ್ತು ಸುಮ್ಮನಾಗುತ್ತಾರೆ ಅಂತ ಕಾಯಬೇಡಿ. ಅವರಿಗೆ ಬೇಸರಪಡುವ ಸ್ವಾತಂತ್ರ್ಯವೂ ಇರಲಿಕ್ಕಿಲ್ಲ.

ಹಣ ಹಾಕಿಸುವವನ ಮಾತು ಹೇಗಿರುತ್ತದೆ? ಇದು ನಾನೇ ಕಟ್ಟಿದ ಮಾದರಿ. ಆದರೆ ಇದರ ಒಂದೊಂದು ತುಣುಕೂ ಇಂಥ ಕರೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವಂಥದ್ದು:

“ನಮಸ್ಕಾರ ಸರ್, ಊಟ ಆಯ್ತಾ? ನಿನ್ನೆ ಬಿಪಿ ಸ್ವಲ್ಪ ಜಾಸ್ತಿ ಇದೆ ಅಂದಿದ್ರಿ, ಈಗ ಹೇಗಿದೆ? ಒಳ್ಳೆ ಸುದ್ದಿ ಇದೆ ಸರ್. ನಿಮ್ಮ ಖಾತೆ ಒಂದ್ಸಲ ತೆಗೆದು ನೋಡಿ, ಮೇಲೇರಿದೆ. ಈ ಹೊಸ ಅವಕಾಶ ನಮ್ಮ ಹಳೆ ಗ್ರಾಹಕರಿಗೆ ಮಾತ್ರ. ಇವತ್ತು ಸಂಜೆಗೆ ಮುಚ್ಚುತ್ತೆ. ನಮ್ಮ ಮ್ಯಾನೇಜರ್ ಹತ್ರ ಜಗಳ ಆಡಿ ನಿಮಗೆ ಅಂತ ಒಂದು ಜಾಗ ಉಳಿಸಿದೀನಿ. ಬ್ಯಾಂಕಿನವರು ಏನಾದ್ರೂ ಕೇಳಿದ್ರೆ ಮನೆ ರಿಪೇರಿಗೆ ಅನ್ನಿ, ಇಲ್ಲಾಂದ್ರೆ ಅವರದ್ದೇ ಸ್ಕೀಮಿಗೆ ಎಳೀತಾರೆ. ಮಗಳಿಗೆ ಈಗಲೇ ಹೇಳ್ಬೇಡಿ ಸರ್. ದುಡ್ಡು ಕೈಗೆ ಬಂದ ಮೇಲೆ ಹೇಳಿ, ಖುಷಿಪಡ್ತಾರೆ.”

ಆ 2006ರ ಅಧ್ಯಯನದ ತಂಡದಲ್ಲಿ ಮನಃಶಾಸ್ತ್ರಜ್ಞ ಆಂಥನಿ ಪ್ರಾಟ್ಕಾನಿಸ್ ಇದ್ದರು. ವಂಚಕರ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ ನೂರಾರು ಟೇಪುಗಳನ್ನು ಈ ತಂಡ ಕೇಳಿತ್ತು. ಕೈಗೆಟುಕದ ಸಂಪತ್ತನ್ನು ಕಣ್ಣಮುಂದೆ ತೂಗುಹಾಕುವುದು, ದೊಡ್ಡ ಸಂಸ್ಥೆಯ ಸೋಗು, ಎಲ್ಲರೂ ಹಾಕುತ್ತಿದ್ದಾರೆ ಎಂಬ ಮಾತು, ಒಂದು ಸಣ್ಣ ಉಪಕಾರದ ಭಾರ, ಹೊತ್ತು ಮೀರುತ್ತಿದೆ ಎಂಬ ಅವಸರ. ಇವು ಮತ್ತೆ ಮತ್ತೆ ಬರುತ್ತಲೇ ಇದ್ದವು. ‘ನಿಮಗೆ ಅಂತ ಜಗಳ ಆಡಿದೆ’ ಅನ್ನುವುದು ಸುಮ್ನೆ ಬಂದ ಮಾತಲ್ಲ. ಇಷ್ಟು ಮಾಡಿದವನಿಗೆ ಇಲ್ಲ ಅನ್ನುವುದು ಹೇಗೆ ಎಂಬ ಮುಲಾಜು ಹಿರಿಯರಿಗೆ ಜಾಸ್ತಿ. ಅವನಿಗೆ ಅದು ಗೊತ್ತು.

ಆ ‘ಸಲಹೆಗಾರ’ನ ಮಾತಿನ ಕೊನೆಯಲ್ಲಿ ಬರುವ ಎರಡು ಸೂಚನೆ ನನಗೆ ಎಲ್ಲಕ್ಕಿಂತ ಮುಖ್ಯ. ಬ್ಯಾಂಕು ತಡೆಯುವುದಕ್ಕೆ ಮೊದಲೇ, ಮಗಳು ಕೇಳುವುದಕ್ಕೆ ಮೊದಲೇ, ಅವರಿಗೆ ಏನು ಹೇಳಬೇಕು ಎಂಬ ಪಾಠ ಆಗಿದೆ. ಮಗಳು ನಿಜಕ್ಕೂ ಬಂದು ‘ಇದು ಮೋಸ ಅಪ್ಪಾ’ ಅಂದಾಗ, ‘ಈಗಲೇ ಹೇಳ್ಬೇಡಿ’ ಅಂತ ಆತ ಹೇಳಿದ್ದೇ ಸರಿಯಾಯಿತಲ್ಲ ಅಂತ ಅವನ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ಹಣದ ಕಡೆ. ಹಿರಿಯರ ಫೋನಿನಲ್ಲಿ ಒಂದು ಆ್ಯಪ್ ಅಥವಾ ಜಾಲತಾಣ ಇರುತ್ತದೆ. ದಿನಾ ಅಂಕಿ ಏರುತ್ತದೆ. ಆ ಅಂಕಿಗೂ ಯಾವ ಮಾರುಕಟ್ಟೆಗೂ ಸಂಬಂಧವಿಲ್ಲ, ಆ ಕಡೆ ಕೂತವರು ಟೈಪ್ ಮಾಡಿದ್ದು. ಮೊದಲ ತಿಂಗಳಲ್ಲಿ ಸ್ವಲ್ಪ ಹಣ ವಾಪಸ್ ಕೇಳಿದರೆ ಕೊಟ್ಟೂ ಬಿಡುತ್ತಾರೆ. ‘ನಾನೇ ತೆಗೆದು ನೋಡಿದೀನಿ, ಬಂತು’ ಎಂಬ ಒಂದು ಮಾತು ಸಾವಿರ ಜಾಹೀರಾತಿಗೆ ಸಮ. ಪೂರ್ತಿ ಹಣ ಕೇಳಿದ ದಿನ ಮಾತ್ರ ತೆರಿಗೆ ಮೊದಲು ಕಟ್ಟಿ, ಪರಿಶೀಲನೆ ಶುಲ್ಕ ಕಟ್ಟಿ, ಖಾತೆ ತೆರೆಸಲು ಠೇವಣಿ ಇಡಿ ಅಂತ ಹೊಸ ಲೆಕ್ಕ ಶುರು. ಮೊಬೈಲ್ ಬಳಕೆ ಅಷ್ಟಾಗಿ ಗೊತ್ತಿಲ್ಲದವರಿಗೆ ‘ನಾವೇ ಮಾಡಿಕೊಡ್ತೀವಿ’ ಅಂತ ಪರದೆಯನ್ನು ದೂರದಿಂದಲೇ ನೋಡುವ, ಆಡಿಸುವ ಆ್ಯಪ್ ಹಾಕಿಸುತ್ತಾರೆ. ಅದೊಂದು ಒಳಗೆ ಬಂದರೆ ಬ್ಯಾಂಕಿನ ಆ್ಯಪ್ ಕೂಡ ಅವರ ಕೈಯಲ್ಲೇ ಇದ್ದ ಹಾಗೆ.

ವಯಸ್ಸಿನ ಪಾತ್ರ ಎಷ್ಟು?

ವಯಸ್ಸಾದ ಮಾತ್ರಕ್ಕೆ ಬುದ್ಧಿ ಮಂಕಾಗುತ್ತದೆ ಅನ್ನುವುದು ತಪ್ಪು. ಆದರೆ ಕೆಲವು ಬದಲಾವಣೆಗಳು ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಶೆಲ್ಲಿ ಟೇಲರ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯರಿಗೂ ಕಿರಿಯರಿಗೂ ಮುಖಗಳ ಚಿತ್ರ ತೋರಿಸಲಾಗಿತ್ತು. ನಂಬಲರ್ಹ ಮುಖಗಳನ್ನು ಇಬ್ಬರೂ ಒಂದೇ ಥರ ಗುರುತಿಸಿದರು. ನಂಬಬಾರದಂತೆ ಕಾಣುವ ಮುಖಗಳ ವಿಷಯದಲ್ಲಿ ಹಿರಿಯರು ಉದಾರವಾಗಿದ್ದರು. ‘ಏನೋ ಸರಿಯಿಲ್ಲ’ ಎಂಬ ಒಳಗಿನ ಅಳುಕಿಗೆ ಸಂಬಂಧಿಸಿದ ಇನ್ಸುಲಾ ಎಂಬ ಮಿದುಳಿನ ಭಾಗ ಅವರಲ್ಲಿ ಅಷ್ಟಾಗಿ ಎಚ್ಚರಗೊಳ್ಳಲಿಲ್ಲ.

2018ರ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹಿರಿಯರನ್ನು ಮೊದಲು ಖುಷಿಯಿಂದಲೋ ಸಿಟ್ಟಿನಿಂದಲೋ ಉದ್ವೇಗಕ್ಕೆ ತಂದು, ಆಮೇಲೆ ದಾರಿ ತಪ್ಪಿಸುವ ಜಾಹೀರಾತು ತೋರಿಸಿದರು. ಉದ್ವೇಗ ಯಾವುದೇ ಇರಲಿ, ಆ ವಸ್ತು ಕೊಳ್ಳುವ ಮನಸ್ಸು ಹೆಚ್ಚಾಯಿತು. ಅಂದರೆ ಆಸೆಯಷ್ಟೇ ಅಪಾಯ ಸಿಟ್ಟಿನಿಂದಲೂ ಇದೆ. ಮಗನ ಜೊತೆ ಜೋರು ಜಗಳವಾದ ಸಂಜೆ ‘ಸಲಹೆಗಾರ’ನ ಕರೆ ಬಂದರೆ ಏನಾಗಬಹುದು ಅಂತ ಇದರಿಂದ ಊಹಿಸಬಹುದು, ಅಲ್ವಾ?

ಮೂರನೆಯ ಸಂಗತಿ ಸೂಕ್ಷ್ಮವಾದದ್ದು. ಷಿಕಾಗೊದ ರಷ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾಯ್ಲ್ ಮತ್ತು ಸಂಗಡಿಗರು ಮರೆವಿನ ಕಾಯಿಲೆ ಇಲ್ಲದ 935 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಪ್ರಕಟಿಸಿದರು. ವಂಚನೆ ಬಗ್ಗೆ ಎಚ್ಚರ ಕಡಿಮೆ ಇದ್ದವರಲ್ಲಿ ಮುಂದೆ ಅಲ್‌ಝೈಮರ್ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಮೋಸ ಹೋದವರಿಗೆಲ್ಲ ಮರೆವಿನ ಕಾಯಿಲೆ ಇದೆ ಅಂತ ಇದರ ಅರ್ಥವಲ್ಲ. ಆದರೆ ಜೀವಮಾನವಿಡೀ ಲೆಕ್ಕದಲ್ಲಿ ಬಿಗಿಯಾಗಿದ್ದವರು ಈಚೆಗೆ ದುಡ್ಡಿನ ವಿಷಯದಲ್ಲಿ ಸಡಿಲವಾಗಿದ್ದರೆ, ಒಂದೇ ಬಿಲ್ ಎರಡು ಸಲ ಕಟ್ಟುತ್ತಿದ್ದರೆ, ವೈದ್ಯರ ಹತ್ತಿರ ಆ ಮಾತು ಎತ್ತುವುದು ಒಳ್ಳೆಯದು.

ಮಾತು ಎಲ್ಲಿ ಹಳಿ ತಪ್ಪುತ್ತದೆ

ವಿಷಯ ಗೊತ್ತಾದ ದಿನ ಮನೆಯಲ್ಲಿ ಸಾಮಾನ್ಯವಾಗಿ ಆಗುವುದು ಒಂದೇ. ಮಕ್ಕಳು ಕೂಗಾಡುತ್ತಾರೆ. ‘ಇಷ್ಟು ಓದಿ ಏನು ಪ್ರಯೋಜನ’, ‘ಇನ್ಮೇಲೆ ಫೋನ್ ನಾನು ಇಟ್ಕೋತೀನಿ’. ಸಿಟ್ಟು ಸಹಜ. ಆದರೆ ಅದರ ಫಲ ವಂಚಕನಿಗೆ ಹೋಗುತ್ತದೆ. ಆ ಕ್ಷಣದಲ್ಲಿ ಹಿರಿಯರ ಮುಂದೆ ಎರಡೇ ದಾರಿ: ತಾನು ಟೋಪಿ ಹಾಕಿಸಿಕೊಂಡೆ ಅಂತ ಮಕ್ಕಳ ಎದುರು ಒಪ್ಪಿಕೊಳ್ಳುವುದು, ಇಲ್ಲವೇ ಇನ್ನೂ ಸ್ವಲ್ಪ ದಿನ ನಂಬಿ ಲಾಭ ಬರುತ್ತದೆ ಅಂತ ಕಾಯುವುದು. ಎರಡನೆಯದು ಎಷ್ಟೋ ಸುಲಭ. ಮಾರನೇ ದಿನದಿಂದ ಕರೆ ಬಂದಾಗ ಬಾಗಿಲು ಹಾಕಿಕೊಳ್ಳುತ್ತಾರೆ.

‘ಮೋಸ’ ಎಂಬ ತೀರ್ಪು ಮೊದಲೇ ಕೊಡುವುದಕ್ಕಿಂತ ಹಣ ವಾಪಸ್ ಬರುವ ದಾರಿಯ ಬಗ್ಗೆ ಮಾತಾಡುವುದು ಮೇಲು. ಜೊತೆಗೆ ಕೂತು ನೋಡುವ ಧಾಟಿಯಲ್ಲಿ:

“ಅಮ್ಮಾ, ಈ ದುಡ್ಡೆಲ್ಲ ಈಗ ಪೂರ್ತಿ ವಾಪಸ್ ಬೇಕು ಅಂದ್ರೆ ಏನು ಮಾಡ್ಬೇಕು?”

“ಕೇಳಿದ್ರೆ ಕೊಡ್ತಾರೆ. ಹೋದ ತಿಂಗಳು ಸ್ವಲ್ಪ ಕೊಟ್ರಲ್ಲ.”

“ಪೂರ್ತಿ ಕೇಳಿದೀಯಾ?”

“ಕೇಳ್ದೆ. ಮೊದಲು ಟ್ಯಾಕ್ಸ್ ಕಟ್ಬೇಕಂತೆ.”

“ಅದನ್ನ ಲಾಭದಲ್ಲೇ ಹಿಡ್ಕೊಂಡು ಉಳಿದಿದ್ದು ಕೊಡೋಕೆ ಏನಂತಮ್ಮಾ ಅವರಿಗೆ?”

ಇಲ್ಲಿಗೆ ನಿಲ್ಲಿಸಬೇಕು. ‘ನೋಡಿದ್ಯಾ, ನಾನು ಹೇಳ್ಲಿಲ್ವಾ’ ಅಂದರೆ ಕೆಟ್ಟಿತು. ಉತ್ತರ ಸಿಗದ ಪ್ರಶ್ನೆ ಅಮ್ಮನದ್ದೇ ಆಗಿ ಉಳಿಯಲಿ. ಒಂದು ದಿನ ಬಿಟ್ಟು, ‘ಅವರ ನೋಂದಣಿ ಒಂದ್ಸಲ ನೋಡೋಣ್ವಾ’ ಅಂತ ಮುಂದುವರಿಸಬಹುದು. ಈ ನಡುವೆ ಒಂದೇ ಒಂದು ಮಾತು ಗಟ್ಟಿಯಾಗಿ ಪಡೆದುಕೊಳ್ಳಿ. ಉತ್ತರ ಸಿಗುವ ತನಕ ಹೊಸದಾಗಿ ಏನೂ ಹಾಕುವುದು ಬೇಡ, ತೆರಿಗೆಯ ಹೆಸರಲ್ಲೂ ಬೇಡ.

ನೋಂದಣಿ ನೋಡುವಾಗಲೂ ಒಂದು ಅಪಾಯ ಇದೆ. ನಿಜವಾದ ಸಂಸ್ಥೆಯ ಹೆಸರು, ಪರವಾನಗಿ ಸಂಖ್ಯೆ, ಲೋಗೊ ಎಲ್ಲ ಕದ್ದು ತಮ್ಮ ಫೋನ್ ನಂಬರ್ ಮಾತ್ರ ಬದಲಿಸುವ ನಕಲಿ ಸಂಸ್ಥೆಗಳು ಬೇಕಾದಷ್ಟಿವೆ. ಫೋನಿನ ಪರದೆ ಮೇಲೆ ಕಾಣುವ ನಂಬರನ್ನೂ ನಕಲು ಮಾಡಬಹುದು. ಹಾಗಾಗಿ ಹೆಸರು ಪಟ್ಟಿಯಲ್ಲಿದೆ ಅಂದರೆ ಸಾಲದು. ಹಣಕಾಸು ನಿಯಂತ್ರಕರ, ಅಂದರೆ ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಟ್ಟು ನಿಗಾ ಇಡುವವರ, ಪಟ್ಟಿಯಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ, ಈ ಮನುಷ್ಯ ನಿಮ್ಮವನಾ ಅಂತ ಕೇಳಬೇಕು. ಷೇರುಪೇಟೆ ನಿಯಂತ್ರಕರ ಅಂತರರಾಷ್ಟ್ರೀಯ ಒಕ್ಕೂಟವಾದ ಐಒಎಸ್‌ಸಿಒ 2025ರಲ್ಲಿ ಐ-ಸ್ಕ್ಯಾನ್ ಎಂಬ ಪುಟ ತೆರೆದಿದೆ. ಬೇರೆ ಬೇರೆ ದೇಶಗಳ ನಿಯಂತ್ರಕರು ಎಚ್ಚರಿಕೆ ಕೊಟ್ಟ ಹೆಸರುಗಳನ್ನು ಅಲ್ಲಿ ಒಟ್ಟಿಗೇ ಹುಡುಕಬಹುದು. ಅಲ್ಲಿ ಹೆಸರು ಸಿಗಲಿಲ್ಲ ಅಂದ ಮಾತ್ರಕ್ಕೆ ಸಂಸ್ಥೆ ಸಾಚಾ ಅಂತೇನಲ್ಲ, ನೆನಪಿರಲಿ.

ಕೆಲವು ಹಿರಿಯರಿಗೆ ಹಣದ ಲೆಕ್ಕಕ್ಕಿಂತ ಆ ಕರೆಯೇ ದೊಡ್ಡದು. ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರು ತಪ್ಪದೆ ವಿಚಾರಿಸುತ್ತಾರೆ ಎಂಬುದು. ಅದನ್ನು ಕಿತ್ತುಹಾಕಿ ಜಾಗ ಖಾಲಿ ಬಿಟ್ಟರೆ ಮುಂದಿನ ವಂಚಕ ಬಂದು ಕೂರುತ್ತಾನೆ. ಆ ಹನ್ನೊಂದು ಗಂಟೆಗೆ ಮನೆಯವರಲ್ಲಿ ಯಾರಾದರೂ ಕರೆ ಮಾಡುವ ಪಾಳಿ ಹಾಕಿಕೊಳ್ಳುವುದು ದುಬಾರಿ ಉಪಾಯವೇನಲ್ಲ. ಆದರೆ ‘ಅವನು ಫೋನ್ ಮಾಡಿದ್ನಾ’ ಅಂತ ವಿಚಾರಣೆಗೆ ನಿಲ್ಲಬೇಡಿ. ಬೇರೆ ಏನಾದರೂ ಮಾತಾಡಿ.

ಫೋನಿಗೆ ಬೇಲಿ, ಹಣಕ್ಕೆ ವೇಗತಡೆ

ಫೋನಿನ ಕೆಲಸ ಬೇಗ ಮುಗಿಯುವಂಥದ್ದು. ಸಂಪರ್ಕ ಪಟ್ಟಿಯಲ್ಲಿ ಇಲ್ಲದ ನಂಬರುಗಳು ರಿಂಗ್ ಆಗದಂತೆ ಮಾಡುವ ಸೆಟ್ಟಿಂಗ್ ಈಗಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿದೆ. ಸ್ಥಿರ ದೂರವಾಣಿಗೆ ಹಾಕುವ ಕರೆ ತಡೆಯುವ ಪೆಟ್ಟಿಗೆಗಳೂ ಸಿಗುತ್ತವೆ. ಇದನ್ನು ಮಾಡುವ ಮೊದಲು ವೈದ್ಯರು, ಆಸ್ಪತ್ರೆ, ಬ್ಯಾಂಕ್ ಶಾಖೆ, ಪಕ್ಕದ ಮನೆ, ಹಳೆಯ ಗೆಳೆಯರ ನಂಬರುಗಳನ್ನು ಹಿರಿಯರ ಜೊತೆ ಕೂತೇ ಸೇರಿಸಿ. ಕರೆಗಳ ಕಾಟ ವಿಪರೀತವಾದರೆ ನಂಬರ್ ಬದಲಿಸುವುದೇ ವಾಸಿ. ಹಳೆಯ ನಂಬರ್ ಮಾರಾಟವಾದ ಪಟ್ಟಿಯಲ್ಲಿದೆ, ಅದನ್ನು ಅಲ್ಲಿಂದ ಅಳಿಸಲು ಯಾರ ಕೈಲೂ ಆಗದು. ಮೆಸೇಜ್ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಗುಂಪಿಗೆ ಸೇರಿಸಬಹುದು ಎಂಬ ಸೆಟ್ಟಿಂಗ್ ತೆಗೆದುಹಾಕಿ. ದೂರದಿಂದ ಪರದೆ ನೋಡುವ ಆ್ಯಪ್ ಇದ್ದರೆ ಅದನ್ನೂ ತೆಗೆಯಿರಿ.

ಬೇಲಿ ಎಷ್ಟು ಎತ್ತರ ಇದ್ದರೂ, ಒಳಗಿನವರೇ ಹೊರಗೆ ಕರೆ ಮಾಡಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಮನಸ್ಸು ಒಪ್ಪಿದ ಹಿರಿಯರು ತಾವೇ ‘ಸಲಹೆಗಾರ’ನಿಗೆ ಹೊಸ ನಂಬರ್ ಕೊಟ್ಟುಬಿಡುತ್ತಾರೆ. ಅದಕ್ಕೇ ಹಣ ಹೋಗುವ ದಾರಿಯಲ್ಲಿ ತಡ ಮಾಡಿಸುವುದು ಇನ್ನೂ ಮುಖ್ಯ. ಉದ್ವೇಗ ಇಳಿಯಲು ಎಷ್ಟೋ ಸಲ ಒಂದು ರಾತ್ರಿ ಸಾಕು. ದೊಡ್ಡ ಉಳಿತಾಯ ಒಂದು ಖಾತೆಯಲ್ಲಿ, ದಿನದ ಖರ್ಚು ಇನ್ನೊಂದರಲ್ಲಿ. ಫೋನಿನಿಂದ ಹಣ ಕಳಿಸಲು ಬರುವುದು ಎರಡನೆಯದರಿಂದ ಮಾತ್ರ. ದಿನದ ಮಿತಿ ಕಡಿಮೆ. ಹೊಸಬರಿಗೆ ಹಣ ಕಳಿಸಬೇಕಾದರೆ ಕಾಯುವ ಅವಧಿ. ವ್ಯವಹಾರದ ಸಂದೇಶ ಮನೆಯ ಇನ್ನೊಬ್ಬರಿಗೂ ಬರುವ ಏರ್ಪಾಡು. ಬ್ಯಾಂಕಿನಲ್ಲಿ ಕೇಳಿದರೆ ಇವುಗಳಲ್ಲಿ ಕೆಲವಾದರೂ ಸಿಗುತ್ತವೆ.

ಬೇರೆ ಬೇರೆ ದೇಶಗಳು ಈ ತಡ ಮಾಡಿಸುವ ಕೆಲಸವನ್ನು ಕಾನೂನಿಗೇ ತಂದಿವೆ. ಅಮೆರಿಕದಲ್ಲಿ 2018ರ ಫೆಬ್ರುವರಿಯಿಂದ ಷೇರು ದಲ್ಲಾಳಿ ಸಂಸ್ಥೆಗಳು ಗ್ರಾಹಕರಿಂದ ‘ನಂಬಿಕಸ್ತ ಸಂಪರ್ಕ ವ್ಯಕ್ತಿ’ಯ ಹೆಸರು ಕೇಳಬೇಕು. ಹೆಸರು ಕೊಡಲೇಬೇಕು ಅಂತಿಲ್ಲ, ಆದರೆ ಸಂಸ್ಥೆ ಕೇಳಲೇಬೇಕು. ಆ ವ್ಯಕ್ತಿ ಖಾತೆಯನ್ನು ಮುಟ್ಟುವಂತಿಲ್ಲ. ಅನುಮಾನ ಬಂದಾಗ ಸಂಸ್ಥೆ ಅವರಿಗೆ ಕರೆ ಮಾಡಬಹುದು, ಅಷ್ಟೇ. 65 ದಾಟಿದವರ ಹಣ ಯಾರೋ ಲಪಟಾಯಿಸುತ್ತಿದ್ದಾರೆ ಅನ್ನಿಸಿದರೆ ಪಾವತಿಯನ್ನು ಕೆಲಕಾಲ ತಡೆಹಿಡಿಯಲೂ ಸಂಸ್ಥೆಗೆ ಅವಕಾಶವಿದೆ. ನನಗೆ ಇದು ಬಹಳ ಹಿಡಿಸಿದ ಏರ್ಪಾಡು. ಹಿರಿಯರ ಅಧಿಕಾರ ಕಿತ್ತುಕೊಳ್ಳುವುದಿಲ್ಲ, ಗುಟ್ಟನ್ನು ಮಾತ್ರ ಮುರಿಯುತ್ತದೆ. ನಿಮ್ಮ ಬ್ಯಾಂಕಿನಲ್ಲಿ ಇಂಥ ನಿಯಮ ಇಲ್ಲದಿದ್ದರೂ, ಶಾಖೆಗೆ ಹಿರಿಯರ ಜೊತೆ ಹೋಗಿ ‘ದೊಡ್ಡ ಮೊತ್ತ ಇದ್ದರೆ ನನಗೂ ಒಂದು ಮಾತು ತಿಳಿಸಿ’ ಅಂತ ಬರೆದುಕೊಟ್ಟು ಬರಬಹುದು.

ಜಪಾನ್ ಹಿಡಿದದ್ದು ಇನ್ನೊಂದು ಜಾಡು. ಕಿವಿಗೆ ಫೋನ್ ಹಿಡಿದುಕೊಂಡೇ ಹಿರಿಯರು ಎಟಿಎಂ ಮುಂದೆ ನಿಂತು, ಆ ಕಡೆಯವನು ಹೇಳಿದ ಗುಂಡಿ ಒತ್ತುವುದು ಅಲ್ಲಿಯ ದೊಡ್ಡ ತಲೆನೋವು. ಒಸಾಕಾ ಪ್ರಾಂತ್ಯ 2025ರ ಆಗಸ್ಟ್‌ನಿಂದ 65 ದಾಟಿದವರು ಎಟಿಎಂ ಬಳಸುವಾಗ ಮೊಬೈಲಿನಲ್ಲಿ ಮಾತಾಡುವುದನ್ನೇ ನಿಷೇಧಿಸಿದೆ. ದಂಡವೇನೂ ಇಲ್ಲ. ಆದರೆ ಪಕ್ಕದಲ್ಲಿ ನಿಂತವರು, ಬ್ಯಾಂಕ್ ಸಿಬ್ಬಂದಿ ‘ಫೋನ್ ಇಡಿ’ ಅನ್ನಲು ಒಂದು ಕಾರಣ ಸಿಕ್ಕಿತು. ಪಿಂಚಣಿ ವಿಷಯಕ್ಕೆ ಸಂಸ್ಥೆಗಳು, ಗ್ರಾಹಕರು ಕೇಳದೆಯೇ ತಾವಾಗಿ ಕರೆ ಮಾಡುವುದನ್ನು ಬ್ರಿಟನ್ 2019ರ ಜನವರಿಯಲ್ಲಿ ನಿಷೇಧಿಸಿತು. ಇದರಿಂದ ವಂಚಕರು ಹೆದರಿದರು ಅಂತಲ್ಲ. ಹಿರಿಯರಿಗೆ ಹೇಳಿಕೊಡಲು ಸುಲಭವಾಯಿತು: ಪಿಂಚಣಿ ಹಣದ ಬಗ್ಗೆ ತಾನಾಗಿ ಕರೆ ಬಂತಾ, ಹಾಗಾದರೆ ಬಂದದ್ದೇ ಕಾನೂನುಬಾಹಿರ. ಒಳ್ಳೆಯ ಕರೆಯೋ ಕೆಟ್ಟ ಕರೆಯೋ ಅಂತ ತೂಗಿ ನೋಡುವ ಕೆಲಸವೇ ಇಲ್ಲ.

ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಇನ್ನೊಂದು ನಿಯಮ ಬಂದಿದೆ. ವಂಚಕರ ಮಾತು ನಂಬಿ ಗ್ರಾಹಕರೇ ಕಳಿಸಿದ ಹಣವನ್ನು 85,000 ಪೌಂಡ್ ತನಕ ಬ್ಯಾಂಕುಗಳೇ ತುಂಬಿಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ಮುಟ್ಟುವುದು ಇದರ ಜಾಣತನ. ಆದರೆ ವಿದೇಶಕ್ಕೆ ಹೋದ ಹಣಕ್ಕೆ, ಕ್ರಿಪ್ಟೊ ಆಗಿ ಹೋದ ಹಣಕ್ಕೆ ಇದು ಅನ್ವಯಿಸುವುದಿಲ್ಲ. ‘ಕ್ರಿಪ್ಟೊದಲ್ಲೇ ಕಳಿಸಿ ಸರ್’ ಅಂತ ಒತ್ತಾಯ ಮಾಡುವವನಿಗೆ ಆ ಹಣ ವಾಪಸ್ ತರುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತಿರುತ್ತದೆ.

ಎಲ್ಲಕ್ಕಿಂತ ಮುಂದೆ ಹೋದದ್ದು ಸಿಂಗಪುರ. ಎಷ್ಟು ಹೇಳಿದರೂ ಮೋಸ ಅಂತ ನಂಬದೆ ಹಣ ಕಳಿಸುತ್ತಲೇ ಇರುವವರ ಖಾತೆಯನ್ನು ಪೊಲೀಸರು ಬ್ಯಾಂಕಿಗೆ ಹೇಳಿ ತಾತ್ಕಾಲಿಕವಾಗಿ ತಡೆಯುವ ಕಾನೂನು ಅಲ್ಲಿ 2025ರ ಜುಲೈ 1ರಿಂದ ಜಾರಿಯಲ್ಲಿದೆ. ಒಂದು ಆದೇಶ 30 ದಿನ, ಬೇಕಾದರೆ ಮುಂದುವರಿಸಬಹುದು. ಬೇರೆ ದಾರಿಯೆಲ್ಲ ಮುಗಿದ ಮೇಲಷ್ಟೇ ಈ ಅಸ್ತ್ರ. ದಿನಬಳಕೆಯ ಖರ್ಚಿಗೆ ಹಣ ಬಿಡಿಸಿಕೊಳ್ಳಲು ಅವಕಾಶವಿದೆ. ಸ್ವಂತ ಹಣ ಹೇಗೆ ಬೇಕಾದರೂ ಖರ್ಚು ಮಾಡುವ ಹಕ್ಕು ಏನಾಯಿತು ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ನಾನು ಸಿಂಗಪುರದ ಕಡೆಗೇ ವಾಲುತ್ತೇನೆ. ತಪ್ಪು ಹೂಡಿಕೆ ಮಾಡುವ ಹಕ್ಕು ಹಿರಿಯರಿಗಿದೆ, ನಿಜ. ಇಲ್ಲಿ ಹೂಡಿಕೆಯೇ ಇಲ್ಲ. ನಿರ್ಧಾರ ಅವರದ್ದೆಂದು ಕಾಣುತ್ತದೆ, ಅದರ ಹಿಂದಿನ ಪ್ರತಿ ಮಾಹಿತಿಯೂ ಸುಳ್ಳು. 30 ದಿನದ ತಡೆ ಅವರ ಹಕ್ಕನ್ನು ಕಸಿಯುವುದಕ್ಕಿಂತ ಹೆಚ್ಚಾಗಿ, ಅವರು ಅವಸರವಿಲ್ಲದೆ ಯೋಚಿಸಲು ಸಮಯ ಕೊಡುತ್ತದೆ.

ಮನೆಯವರ ಕೈಗೆ ಇಂಥದ್ದೇ ಅಧಿಕಾರ ಕೊಡುವ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಧೈರ್ಯವಿಲ್ಲ. ಹಿರಿಯರ ಹಣ ನುಂಗುವವರಲ್ಲಿ ಹೊರಗಿನವರಷ್ಟೇ ಅಲ್ಲ, ಸ್ವಂತ ಬಂಧುಗಳೂ ಇದ್ದಾರೆ. ‘ಮೋಸ ಹೋಗ್ತೀರಾ, ಎಲ್ಲ ನನ್ನ ಹೆಸರಿಗೆ ಮಾಡಿ’ ಅನ್ನುವ ಮಗನ ಮೇಲೆ ಅನುಮಾನಪಟ್ಟರೆ ಅದು ಹಿರಿಯರ ಜಾಣತನ. ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸುವುದಾದರೆ ಬುದ್ಧಿ ಚುರುಕಾಗಿರುವಾಗಲೇ, ಅವರೇ ಆರಿಸಿದವರ ಹೆಸರಿಗೆ, ವಕೀಲರ ಎದುರು ಮಾಡಿಸಿ. ಲೆಕ್ಕ ನೋಡುವ ಹಕ್ಕು ಇನ್ನೊಬ್ಬ ಒಡಹುಟ್ಟಿದವರಿಗೂ ಇರಲಿ.

ಹಣ ಹೋಗಿದ್ದರೆ

ಮೊದಲ ಗಂಟೆಗಳು ಅಮೂಲ್ಯ. ಬ್ಯಾಂಕಿಗೆ ಕರೆ, ಪಾವತಿ ತಡೆಯುವ ಕೋರಿಕೆ, ಪೊಲೀಸ್ ದೂರು. ಇವುಗಳನ್ನು ಸಮಾಧಾನ ಹೇಳುವ ಕೆಲಸಕ್ಕಿಂತ ಮುಂಚೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಬೇಗ ಹೇಳಿದಷ್ಟೂ ಎಲ್ಲೋ ಒಂದು ಕಡೆ ಹಿಡಿಯುವ ಸಾಧ್ಯತೆ ಇರುತ್ತದೆ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಹಿರಿಯರ ಫೋನಿನಿಂದ ಬೇಡ. ಸಿಟ್ಟಿಗೆ ಚಾಟ್ ಅಳಿಸಬೇಡಿ. ಕರೆ ಬಂದ ಸಮಯ, ನಂಬರು, ಹಣ ಹೋದ ಖಾತೆ, ಆ ಆ್ಯಪ್‌ನ ಪರದೆ ಚಿತ್ರ ಎಲ್ಲ ದೂರಿಗೆ ಬೇಕು. ವಂಚಕನ ಜೊತೆ ವಾದ ಮಾಡುವುದು, ಬೆದರಿಸುವುದು ಯಾವುದೂ ಬೇಡ. ಮಾತು ನಿಂತರೆ ಸಾಕು.

ಇಷ್ಟಕ್ಕೆ ಕತೆ ಮುಗಿಯುವುದಿಲ್ಲ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಇನ್ನೊಂದು ಕರೆ ಬರುತ್ತದೆ. ಈ ಸಲ ವಕೀಲರು, ತನಿಖಾ ಸಂಸ್ಥೆ, ‘ಹಣ ಮರಳಿಸುವ ವಿಭಾಗ’. ನಿಮ್ಮ ಹಣ ಪತ್ತೆಯಾಗಿದೆ, ಬಿಡುಗಡೆಗೆ ಇಷ್ಟು ಶುಲ್ಕ ಅನ್ನುತ್ತಾರೆ. ಕಳೆದುಕೊಂಡ ಮೊತ್ತ, ದಿನಾಂಕ ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ, ಯಾಕೆಂದರೆ ಮಾಹಿತಿ ಬಂದಿರುವುದು ಅದೇ ಪಟ್ಟಿಯಿಂದ, ಎಷ್ಟೋ ಸಲ ಅದೇ ಗುಂಪಿನಿಂದ. ಹಣ ಕಳೆದುಕೊಂಡ ಹಿರಿಯರಿಗೆ ಇದು ದೇವರೇ ಕಳಿಸಿದ ಕರೆ ಅನ್ನಿಸುತ್ತದೆ. ಮಕ್ಕಳಿಗೆ ಹೇಳದೆ ತಾನೇ ಸರಿಮಾಡಿಕೊಳ್ಳಬಹುದು ಎಂಬ ಆಸೆ ಹುಟ್ಟುತ್ತದೆ. ಮೊದಲ ಸಲ ಮನೆಯಲ್ಲಿ ಎಷ್ಟು ಅವಮಾನವಾಗಿತ್ತೋ, ಈ ಆಸೆ ಅಷ್ಟು ಬಲವಾಗಿರುತ್ತದೆ. ಹಾಗಾಗಿ ಈ ಕರೆ ಬರುವ ಮೊದಲೇ ಅದರ ಬಗ್ಗೆ ಹೇಳಿಡಿ: ಇಂಥವರು ಫೋನ್ ಮಾಡುತ್ತಾರೆ, ಹೀಗೆ ಹೀಗೆ ಅನ್ನುತ್ತಾರೆ, ಶುಲ್ಕ ಕೇಳುತ್ತಾರೆ, ಬಂದ ದಿನ ನನಗೊಂದು ಫೋನ್ ಹಾಕು. ವಂಚಕ ಪಾಠ ಹೇಳಿಕೊಡುವುದಕ್ಕಿಂತ ಮೊದಲು ನೀವು ಹೇಳಿರಬೇಕು.